ಆ ಗೇನ್ ನಾಬ್ ಸ್ವಲ್ಪ ಇಳಿಸಪ್ಪಾ

ಆಂಪ್ ಅಂದರೆ ಎಲೆಕ್ಟ್ರಿಕ್ ಗಿಟಾರ್‌ನ ಸದ್ದು ದೊಡ್ಡದು ಮಾಡುವ ಸ್ಪೀಕರ್ ಪೆಟ್ಟಿಗೆ. ಹಾಳಾಗಿದೆ ಅಂತ ನನ್ನ ಹತ್ತಿರ ತರುವ ಸಣ್ಣ ಗಿಟಾರ್ ಆಂಪ್‌ಗಳಲ್ಲಿ ಹೆಚ್ಚಿನವು ಹಾಳಾಗಿರುವುದಿಲ್ಲ. ಸ್ಕ್ರೂ ಬಿಚ್ಚುವ ಮೊದಲೇ ನಾಬ್‌ಗಳನ್ನು ನೋಡಿದರೆ ಗೊತ್ತಾಗಿಬಿಡುತ್ತದೆ. ಗೇನ್ 10ರಲ್ಲಿ. ವಾಲ್ಯೂಮ್ 1ರಲ್ಲಿ. ಬಾಸ್ (ತಗ್ಗಿನ ಸ್ವರ) ಪೂರ್ತಿ, ಟ್ರೆಬಲ್ (ಚೂಪು ಸ್ವರ) ಪೂರ್ತಿ, ಮಿಡ್ (ನಡುವಿನ ಸ್ವರ) ಸೊನ್ನೆ. ತುಮಕೂರಿನಲ್ಲಿ ಗಿಟಾರ್ ಪಾಠ ಹೇಳಿಕೊಂಡು, ಸಂಜೆ ಆಂಪ್ ರಿಪೇರಿ ಮಾಡಿಕೊಂಡು ಇರುವವನು ನಾನು. ಎರಡೂ ಕಡೆ ಬರುವ ದೂರು ಒಂದೇ: "ಕಿರಿಕಿರಿ ಸೌಂಡ್ ಬರುತ್ತೆ ಸಾರ್, ಏನೂ ನೀಟಾಗಿ ಕೇಳಿಸಲ್ಲ."

ಯಾಕೆ ಹೀಗೆ ಇಟ್ಟಿದ್ದೀಯ ಅಂತ ಕೇಳಿದರೆ ಉತ್ತರವೂ ಒಂದೇ. "ಮನೆಯಲ್ಲಿ ಅಜ್ಜಿ ಮಲಗಿರ್ತಾರೆ ಸಾರ್, ಅದಕ್ಕೇ ವಾಲ್ಯೂಮ್ ಇಳಿಸಿದೆ. ಸೌಂಡ್ ಸಪ್ಪೆ ಆಯ್ತು, ಅದಕ್ಕೆ ಗೇನ್ ಏರಿಸಿದೆ."

ಎಡವಟ್ಟು ಆಗುವುದು ಇಲ್ಲೇ. ಎಷ್ಟು ಸಲ ಹೇಳಿದರೂ ಮುಂದಿನ ವಾರ ಗೇನ್ ಮತ್ತೆ 10ಕ್ಕೆ ಹೋಗಿರುತ್ತದೆ. ಹಾಗಾಗಿ ಇಲ್ಲಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ತಂತಿಯ ಕಂಪನ ಹಿಡಿಯುವ ಗಿಟಾರ್ ಪಿಕಪ್‌ನಿಂದ ಬರುವ ಸಿಗ್ನಲ್ ತೀರಾ ಸಣ್ಣದು. ಆಂಪ್‌ನ ಮೊದಲ ಭಾಗ ಅದನ್ನು ದೊಡ್ಡದು ಮಾಡುತ್ತದೆ. ಎಷ್ಟು ದೊಡ್ಡದು ಮಾಡಬೇಕು ಅಂತ ಹೇಳುವುದು ಗೇನ್. ಆ ಭಾಗಕ್ಕೆ ಒಂದು ಮಿತಿ ಇದೆ. ಮಿತಿ ದಾಟಿದರೆ ಅಲೆಯ ತಲೆ ಮೇಲೂ ಕೆಳಗೂ ಕತ್ತರಿಸಿ ಹೋಗುತ್ತದೆ. ನಾವು ಡಿಸ್ಟಾರ್ಷನ್ ಅನ್ನುವುದು ಈ ಕತ್ತರಿಸಿದ ಅಲೆಯನ್ನೇ. ವಾಲ್ಯೂಮ್ ಇದೆಲ್ಲ ಮುಗಿದ ಮೇಲೆ ಬರುತ್ತದೆ. ತಯಾರಾದದ್ದನ್ನು ಸ್ಪೀಕರ್‌ಗೆ ಎಷ್ಟು ಕಳಿಸಬೇಕು ಅನ್ನುವುದಷ್ಟೇ ಅದರ ಕೆಲಸ. ಸಾರಿಗೆ ಖಾರದಪುಡಿ ಹಾಕುತ್ತಾ ಹೋದರೆ ಸಾರು ಜಾಸ್ತಿ ಆಗುತ್ತಾ? ಇಲ್ಲ, ಖಾರ ಜಾಸ್ತಿ ಆಗುತ್ತೆ ಅಷ್ಟೇ.

ಗೇನ್ ನಾಬ್‌ನ ಮೊದಲ ಅರ್ಧ ತಿರುವಿನಲ್ಲಿ ಸದ್ದೂ ಸ್ವಲ್ಪ ಏರುತ್ತದೆ, ನಿಜ. ಮೋಸ ಹೋಗುವುದು ಅದರಿಂದಲೇ. ಮಿತಿ ದಾಟಿದ ಮೇಲೆ ಸದ್ದು ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ, ಕತ್ತರಿಸುವುದು ಮಾತ್ರ ಮುಂದುವರಿಯುತ್ತದೆ. ಮೆಲ್ಲಗೆ ಮೀಟಿದರೂ ಜೋರಾಗಿ ಮೀಟಿದರೂ ಒಂದೇ ಥರ ಕೇಳಿಸುತ್ತದೆ. ಕಲಿಯುವವರಿಗೆ ಇದು ತುಂಬಾ ಹಿತ. ಬೆರಳು ಸರಿಯಾಗಿ ಒತ್ತದಿದ್ದರೂ, ಪಿಕ್ ತಡವಾಗಿ ಬಿದ್ದರೂ ಎಲ್ಲ ಆ ಗುಂಯ್ ಒಳಗೆ ಮುಚ್ಚಿ ಹೋಗುತ್ತದೆ. ಜೊತೆಗೆ ಮುಟ್ಟದ ತಂತಿಯ ಸದ್ದು, ಕೈ ಜಾರಿದ ಸದ್ದು, ಕರೆಂಟಿನ 50 ಹರ್ಟ್ಸ್ ಗುಂಯ್ಗಾಟ ಎಲ್ಲ ದೊಡ್ಡದಾಗುತ್ತವೆ. ಕಿರಿಕಿರಿ ಅಂದಿರಲ್ಲ, ಅದು ಇದೇ.

ಇಲ್ಲಿನ ಎಂಜಿನಿಯರಿಂಗ್ ಕಾಲೇಜಿನ ಒಬ್ಬ ಹುಡುಗ ಬರುತ್ತಾನೆ. ಪಿಜಿಯಲ್ಲಿ ಇದ್ದುಕೊಂಡು ರಾತ್ರಿಯೆಲ್ಲ ಅಭ್ಯಾಸ ಮಾಡುವ ಆಸೆಬುರುಕ. ಅವನ ಆಂಪ್‌ನ ಸ್ವಿಚ್ಚಿನಲ್ಲಿ ಕ್ಲೀನ್ (ಒಡೆಯದ ಸೌಂಡ್), ಕ್ರಂಚ್ (ಸ್ವಲ್ಪ ಒಡೆದದ್ದು), ಬ್ರೌನ್ (ತುಂಬಾ ಒಡೆದದ್ದು) ಅಂತ ಮೂರು ಆಯ್ಕೆ. ಬ್ರೌನ್ ಇಟ್ಟುಕೊಂಡು ಏನೋ ವೇಗವಾಗಿ ನುಡಿಸಿ ತೋರಿಸಿದ. ನಾನು ಸ್ವಿಚ್ಚನ್ನು ಕ್ಲೀನ್‌ಗೆ ತಿರುಗಿಸಿ, ಅದನ್ನೇ ನುಡಿಸು ಅಂದೆ. ಎರಡು ಬಾರ್ ನುಡಿಸಿ ನಿಲ್ಲಿಸಿದ. "ಸಾರ್, ಕ್ಲೀನ್‌ನಲ್ಲಿ ನನಗೆ ಇದು ಬರಲ್ಲ ಅನ್ಸುತ್ತೆ."

"ಬ್ರೌನ್‌ನಲ್ಲೂ ಬರ್ತಿರಲಿಲ್ಲ ಕಣೋ. ಈಗ ಕೇಳಿಸ್ತಿದೆ ಅಷ್ಟೇ" ಅಂದೆ. ಪಾಪ, ಮುಖ ಸಣ್ಣಗೆ ಮಾಡಿಕೊಂಡ. ಆದರೆ ಮುಂದಿನ ವಾರ ಅದೇ ಪೀಸನ್ನು ಅರ್ಧ ವೇಗದಲ್ಲಿ, ಒಂದೊಂದು ಸ್ವರವೂ ಬಿಡಿಬಿಡಿಯಾಗಿ ನುಡಿಸಿದ.

ಗಾಜಿನ ವಾಲ್ವ್‌ಗಳಿಂದ ನಡೆಯುವ ಹಳೇ ವಾಲ್ವ್ ಆಂಪ್‌ಗಳಲ್ಲಿ ಈ ಗೊಂದಲವೇ ಇರಲಿಲ್ಲ. ಎಷ್ಟೋ ಆಂಪ್‌ಗಳಲ್ಲಿ ಇದ್ದದ್ದು ಒಂದು ವಾಲ್ಯೂಮ್ ಮಾತ್ರ. ಸೌಂಡ್ ಒಡೆಯಬೇಕು ಅಂದರೆ ಬೀದಿಗೆಲ್ಲ ಕೇಳುವ ಹಾಗೆ ಏರಿಸಬೇಕಿತ್ತು. ಆಂಪ್ ಕಂಪನಿ ಮಾರ್ಷಲ್‌ನವರು 1975ರಲ್ಲಿ ಮಾಸ್ಟರ್ ವಾಲ್ಯೂಮ್ (ಕೊನೆಯ ಸದ್ದಿಗೇ ಬೇರೆ ನಾಬ್) ಇರುವ 2203 ಮಾಡೆಲ್ ತಂದಿದ್ದು ಈ ಕಷ್ಟಕ್ಕೇ. ನಿಮ್ಮ ಮನೆಯ ಪುಟ್ಟ ಆಂಪ್‌ನಲ್ಲಿ ಎರಡು ನಾಬ್ ಇರುವುದೂ ಅದೇ ಕಾರಣಕ್ಕೆ. ಸದ್ದು ಮಾಡದೆ ಸ್ವಲ್ಪ ಒಡೆಯಲಿ ಅಂತ ಕೊಟ್ಟಿದ್ದಾರೆ, ಪೂರ್ತಿ ಪುಡಿ ಮಾಡಿ ಅಂತ ಅಲ್ಲ.

ಹಾಗಾದರೆ ಹೇಗೆ ಇಡಬೇಕು? ಮೊದಲು ವಾಲ್ಯೂಮ್. ನಿಮ್ಮ ಮನೆಯಲ್ಲಿ, ಆ ಹೊತ್ತಿನಲ್ಲಿ ಎಷ್ಟು ನಡೆಯುತ್ತದೋ ಅಷ್ಟಕ್ಕೆ ಇಡಿ. ಬಾಸ್, ಮಿಡ್, ಟ್ರೆಬಲ್ ನಾಬ್‌ಗಳೆಲ್ಲ ಗಡಿಯಾರದ 12ರ ಕಡೆಗೆ. ಕ್ಲೀನ್-ಕ್ರಂಚ್-ಬ್ರೌನ್ ಸ್ವಿಚ್ ಇದ್ದರೆ ಅದು ಕ್ರಂಚ್‌ನಲ್ಲಿ. ಗೇನ್ ಸೊನ್ನೆಯಿಂದ ನಿಧಾನವಾಗಿ ಏರಿಸುತ್ತಾ ಹೋಗಿ. ಜೋರಾಗಿ ಮೀಟಿದರೆ ಒಡೆಯಬೇಕು, ಮೆಲ್ಲಗೆ ಮೀಟಿದರೆ ತಿಳಿಯಾಗಬೇಕು. ಅಲ್ಲಿ ಕೈ ಬಿಡಿ. ಆಮೇಲೆ ಗಿಟಾರ್‌ನ ಮೇಲಿರುವ ವಾಲ್ಯೂಮ್ ನಾಬನ್ನು 10ರಿಂದ 6ಕ್ಕೆ ಇಳಿಸಿ ನೋಡಿ. ಕ್ರಂಚ್ ಅನ್ನುವುದು ಕ್ಲೀನ್ ಆಗುತ್ತದೆ. ವರ್ಷಗಟ್ಟಲೆ ಗಿಟಾರ್ ಇಟ್ಟುಕೊಂಡವರೂ ಈ ನಾಬನ್ನು ಮುಟ್ಟಿರುವುದಿಲ್ಲ! ನನಗೆ ನಿಜಕ್ಕೂ ಅರ್ಥವಾಗದ ವಿಷಯ ಇದು.

ಬಾಸ್, ಟ್ರೆಬಲ್ ಪೂರ್ತಿ ಏರಿಸುವುದಕ್ಕೂ ಒಂದು ಕಾರಣ ಇದೆ, ಬರೀ ಹುಡುಗಾಟ ಅಲ್ಲ. ಸದ್ದು ಕಡಿಮೆ ಇದ್ದಾಗ ನಮ್ಮ ಕಿವಿಗೆ ತಗ್ಗಿನ ಸ್ವರವೂ ತೀರಾ ಚೂಪಾದ ಸ್ವರವೂ ಕಡಿಮೆ ಕೇಳಿಸುತ್ತವೆ. ಫ್ಲೆಚರ್, ಮನ್ಸನ್ ಅನ್ನುವವರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಆದ್ದರಿಂದ ರಾತ್ರಿ ಸಣ್ಣ ಸದ್ದಿನಲ್ಲಿ ಬಾಸ್ ಒಂದು ಗುಲಗಂಜಿಯಷ್ಟು ಏರಿಸಿದರೆ ತಪ್ಪಿಲ್ಲ. ಅದೇ ಸೆಟ್ಟಿಂಗ್‌ನಲ್ಲಿ ಭಾನುವಾರ ಮಧ್ಯಾಹ್ನ ಜೋರಾಗಿ ನುಡಿಸಿದರೆ ಡಬಡಬ ಅನ್ನುತ್ತದೆ. ಬಾಸ್ ಪೂರ್ತಿ ಏರಿಸಿಯೂ ಪ್ರಯೋಜನವಿಲ್ಲ. ಗಿಟಾರ್‌ನ ದಪ್ಪ ತಂತಿಯ ಸ್ವರ ಸುಮಾರು 82 ಹರ್ಟ್ಸ್. ಕಟಾನಾ ಮಿನಿಯಂಥ ಆಂಪ್‌ನಲ್ಲಿ ಇರುವುದು 4 ಇಂಚಿನ ಸ್ಪೀಕರ್. ಪಾಪ ಅದು ಎಲ್ಲಿಂದ ತರಬೇಕು?

ಮಿಡ್ ಸೊನ್ನೆ ಮಾಡುವವರಿಗೆ ಒಂದೇ ಮಾತು. ರೂಮಿನಲ್ಲಿ ಒಬ್ಬರೇ ಇದ್ದಾಗ ಚೆನ್ನಾಗಿಯೇ ಇರುತ್ತದೆ. ಗಣೇಶನ ಹಬ್ಬದ ರಸಮಂಜರಿಯಲ್ಲಿ ಕೀಬೋರ್ಡ್, ರಿದಂ ಪ್ಯಾಡ್ ಜೊತೆ ನಿಂತಾಗ ನಿಮ್ಮ ಗಿಟಾರ್ ಎಲ್ಲಿ ಅಂತ ನಿಮಗೇ ಗೊತ್ತಾಗಲ್ಲ.

ಬ್ರೌನ್ ಬಗ್ಗೆ ಹೇಳಲೇಬೇಕು. ಅಮೆರಿಕದ ರಾಕ್ ಗಿಟಾರಿಸ್ಟ್ ಎಡ್ಡಿ ವ್ಯಾನ್ ಹೇಲನ್ ಸೌಂಡಿಗೆ ಅಂಟಿಕೊಂಡ ಹೆಸರು ಅದು. ಆತ ಮಾರ್ಷಲ್ ಆಂಪ್‌ಗೆ ವೇರಿಯಾಕ್ (ಬೇಕಾದಷ್ಟು ವೋಲ್ಟೇಜ್ ಕೊಡುವ ಟ್ರಾನ್ಸ್‌ಫಾರ್ಮರ್) ಜೋಡಿಸಿ ವೋಲ್ಟೇಜ್ ಇಳಿಸುತ್ತಿದ್ದ. ಇದನ್ನು ಓದಿಕೊಂಡು ಬಂದ ಗುಬ್ಬಿ ಕಡೆಯ ಹುಡುಗನೊಬ್ಬ ಕೇಳಿದ: "ಸಂಜೆ ನಮ್ಮೂರಲ್ಲಿ ವೋಲ್ಟೇಜ್ ತಾನಾಗೇ ಇಳಿಯುತ್ತಲ್ಲ ಸಾರ್, ಆವಾಗ ನುಡಿಸಿದ್ರೆ ಬರುತ್ತಾ?" ನಕ್ಕು ಸಾಕಾಯಿತು. ಬರಲ್ಲಪ್ಪ. ನಿನ್ನ ಆಂಪ್ ನಡೆಯುವುದು ಅಡಾಪ್ಟರ್‌ನಲ್ಲಿ, ಅದು ಒಳಗೆ ವೋಲ್ಟೇಜನ್ನು ಒಂದೇ ಸಮ ಇಡುತ್ತದೆ. ವಾಲ್ವ್ ಆಂಪ್ ಇರುವವರೂ ಇಂಥ ಪ್ರಯೋಗಕ್ಕೆ ಕೈ ಹಾಕಬೇಡಿ. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರ್‌ನಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಉಳಿದಿರಬಹುದು.

ಗೇನ್ ಇಳಿಸಿದ ಮೇಲೂ ಗುಂಯ್ ಅಂದರೆ ಫ್ಯಾನ್ ರೆಗ್ಯುಲೇಟರ್ ಆಫ್ ಮಾಡಿ ನೋಡಿ. ನಿಂತರೆ ಆಂಪ್‌ನ ತಪ್ಪಲ್ಲ. ಹಳೇ ಮನೆಗಳಲ್ಲಿ ಅರ್ಥಿಂಗ್ ಇರುವುದೇ ಅನುಮಾನ, ಅದನ್ನು ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಮೂರನೇ ಪಿನ್ ಮುರಿದು ಹಾಕುವ ಬುದ್ಧಿವಂತಿಕೆ ಮಾತ್ರ ಬೇಡ.

ಬಟವಾಡಿಯಿಂದ ಒಂದು ಆಂಪ್ ಬಂದಿತ್ತು. ಸ್ಪೀಕರ್ ಹರಿದಿದೆ, ಎ ನೋಟ್ ಬಂದಾಗ ಟರ್ರ್ ಅನ್ನುತ್ತೆ ಅಂದರು. ನನ್ನಲ್ಲಿ ಏನೂ ಅನ್ನಲಿಲ್ಲ. ವಾಪಸ್ ಹೋದ ಮೇಲೆ ಮತ್ತೆ ಟರ್ರ್. ಕೊನೆಗೆ ನಾನೇ ಹೋಗಿ ನೋಡಿದರೆ ಆಂಪ್ ಇಟ್ಟಿದ್ದು ಸ್ಟೀಲ್ ಬೀರು ಮೇಲೆ. ಟರ್ರ್ ಅನ್ನುತ್ತಿದ್ದದ್ದು ಬೀರು ಬಾಗಿಲಿನ ಹಿಡಿ. ನೆಲದ ಮೂಲೆಯಲ್ಲಿ ಇಟ್ಟರೂ ಕಷ್ಟ, ಗೋಡೆಯಿಂದ ಬಾಸ್ ಊದಿಕೊಳ್ಳುತ್ತದೆ, ಚೂಪು ಸ್ವರ ಎಲ್ಲ ನಿಮ್ಮ ಮೊಣಕಾಲಿಗೆ ಹೋಗುತ್ತದೆ. ಒಂದು ಕುರ್ಚಿ ಮೇಲೆ, ಕಿವಿಯ ಕಡೆ ಮುಖ ಮಾಡಿ ಇಡಿ. ಹಾಸಿಗೆ, ಬಟ್ಟೆ ಇರುವ ಮಲಗುವ ಕೋಣೆ ಟೈಲ್ಸ್ ಹಾಲ್‌ಗಿಂತ ಎಷ್ಟೋ ವಾಸಿ. ರಾತ್ರಿ 10ರ ಮೇಲೆ ಹೆಡ್‌ಫೋನ್ ಹಾಕಿಕೊಳ್ಳಿ. ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬೆಲ್ ಅಂತ ನಿಯಮವೇ ಇದೆ.

ಕೊನೆಗೆ ಅಪ್ಪಂದಿರ ಪ್ರಶ್ನೆ. "10 ವ್ಯಾಟ್ ಸಾಕಾ ಸಾರ್, 20 ತಗೊಂಡ್ರೆ ಡಬಲ್ ಬರಲ್ವಾ?" ಬರಲ್ಲ. ಕಿವಿಗೆ ಡಬಲ್ ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. 10ಕ್ಕೂ 20ಕ್ಕೂ ಇರುವುದು 3 ಡೆಸಿಬೆಲ್ ವ್ಯತ್ಯಾಸ ಅಷ್ಟೇ. ಮನೆಗೆ 10 ಧಾರಾಳ. ಉಳಿದ ದುಡ್ಡಿಗೆ ಒಂದು ಒಳ್ಳೇ ಕೇಬಲ್, ಎರಡು ಸೆಟ್ ತಂತಿ ತಂದುಕೊಡಿ. ಹುಡುಗನ ಗಿಟಾರ್‌ನಲ್ಲಿ ಇರುವುದು ಕೊಂಡಾಗಿನ ತಂತಿಯೇ, ತುಕ್ಕು ಹಿಡಿದಿದೆ.