ಮೈಕೋಟಿಕ್ ಅನ್ಯೂರಿಸಂ: ಅಣಬೆಯಿಲ್ಲದ ಅಣಬೆಯ ಹೆಸರು

ಮಳೆ ಹಿಡಿಯುತ್ತಲೇ ಮಂಗಳೂರಿನ ಮಾರುಕಟ್ಟೆಗೆ ಬರುವ ಕಲ್ಲಣಬೆಗೂ ಹೃದಯದ ಪಕ್ಕದ ರಕ್ತನಾಳದ ಕಾಯಿಲೆಯೊಂದಕ್ಕೂ ಹೆಸರಿನ ಮಟ್ಟಿಗೆ ನೆಂಟಸ್ತಿಕೆಯಿದೆ. ಅಪಧಮನಿಯ ಗೋಡೆ ದುರ್ಬಲವಾಗಿ ಉಬ್ಬಿಕೊಂಡರೆ ಅದು ಅನ್ಯೂರಿಸಂ. ಆ ಗೋಡೆಯನ್ನು ಸೋಂಕು ತಿಂದು ಉಬ್ಬಿಸಿದ್ದರೆ ಮೈಕೋಟಿಕ್ ಅನ್ಯೂರಿಸಂ. ಗ್ರೀಕಿನಲ್ಲಿ ಅಣಬೆಗೆ ಮೈಕಿಸ್ ಎನ್ನುತ್ತಾರೆ. ಹೃದಯದ ಕವಾಟಕ್ಕೆ ಸೋಂಕು ತಗುಲಿ ಮೃತನಾದ ರೋಗಿಯ ಮಹಾಪಧಮನಿಯಲ್ಲಿ, ಅಂದರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದಲ್ಲಿ, ಅಣಬೆಯಂತೆ ಕಂಡ ಉಬ್ಬುಗಳನ್ನು ವೈದ್ಯ ವಿಲಿಯಂ ಆಸ್ಲರ್ 1885ರಲ್ಲಿ ಈ ಪದದಿಂದ ಬಣ್ಣಿಸಿದರು. ಹೆಸರು ಅಲ್ಲಿಗೇ ಅಂಟಿಕೊಂಡಿತು. ರಿಪೋರ್ಟು ಹಿಡಿದು "ಫಂಗಸ್ಸಾ ಡಾಕ್ಟ್ರೇ?" ಎಂದು ಕೇಳುವವರ ತಪ್ಪೇನಿಲ್ಲ. ಆದರೆ ಕಾರಣ ಬಹುಪಾಲು ಸ್ಟೆಫಿಲೊಕಾಕಸ್, ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ; ಶಿಲೀಂಧ್ರ ಅಪರೂಪ. ಸೋಂಕಿತ ಅನ್ಯೂರಿಸಂ ಎಂಬ ಹೆಸರೇ ನನಗೆ ಸರಿಯೆನಿಸುತ್ತದೆ.

ಇದರ ಶಸ್ತ್ರಚಿಕಿತ್ಸೆಯು ಉಬ್ಬಿದ ಕೊಳವೆಗೆ ತೇಪೆ ಹಾಕುವ ಕೆಲಸವಲ್ಲ. ಬೇರೆ ಅನ್ಯೂರಿಸಂಗಳಲ್ಲಿ ನಾಳದ ಅಗಲ ನೋಡಿ ಕೆಲಕಾಲ ಕಾಯುವುದುಂಟು. ಇಲ್ಲಿ ಚಿಕ್ಕ ಉಬ್ಬೂ ಬೇಗನೆ ಬೆಳೆದು ಒಡೆಯಬಹುದು, ಆ್ಯಂಟಿಬಯೋಟಿಕ್ ಒಂದರಿಂದಲೇ ಗೋಡೆ ಮತ್ತೆ ಗಟ್ಟಿಯಾಗುವುದಿಲ್ಲ. ಆದ್ದರಿಂದ ಎದೆಯ ನಡುಮೂಳೆಯನ್ನು ಸೀಳಿ, ರಕ್ತಪರಿಚಲನೆಯನ್ನು ಹೃದಯ-ಶ್ವಾಸಕೋಶ ಯಂತ್ರಕ್ಕೆ ಒಪ್ಪಿಸಿ, ಉಬ್ಬು ಮಹಾಪಧಮನಿಯ ಕಮಾನಿನವರೆಗೆ ಹಬ್ಬಿದ್ದರೆ ಮೈಯನ್ನು 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ತಣಿಸಿ ಪರಿಚಲನೆಯನ್ನೇ ಸ್ವಲ್ಪ ಹೊತ್ತು ನಿಲ್ಲಿಸಿ, ಶಸ್ತ್ರವೈದ್ಯರು ಕೊಳೆತ ಗೋಡೆಯನ್ನೂ ಸುತ್ತಲಿನ ಕೀವುಗಟ್ಟಿದ ಅಂಗಾಂಶವನ್ನೂ ಆರೋಗ್ಯವಂತ ಅಂಚು ಸಿಗುವವರೆಗೆ ಕತ್ತರಿಸಿ ತೆಗೆಯುತ್ತಾರೆ. ತೆಗೆದ ತುಣುಕು ರೋಗಾಣು ಯಾವುದೆಂದು ತಿಳಿಯಲು ಲ್ಯಾಬಿಗೆ ಹೋಗುತ್ತದೆ.

ಖಾಲಿಯಾದ ಜಾಗಕ್ಕೆ ಏನನ್ನು ಹೊಲಿಯಬೇಕೆಂಬುದೇ ನಿಜವಾದ ಇಕ್ಕಟ್ಟು. ಡೆಕ್ರಾನ್ ಬಟ್ಟೆಯ ಕೊಳವೆ ಸುಲಭವಾಗಿ ಸಿಗುತ್ತದೆ, ಆದರೆ ಅದರ ಎಳೆಗಳ ನಡುವೆ ಅಳಿದುಳಿದ ಬ್ಯಾಕ್ಟೀರಿಯಾ ಮನೆಮಾಡಿಕೊಂಡರೆ ಮತ್ತೆ ಮೊದಲಿನಿಂದ ಆರಂಭಿಸಬೇಕು. ಹಾಗಾಗಿ ಅದನ್ನು ರಿಫಾಂಪಿಸಿನ್ ಎಂಬ ಆ್ಯಂಟಿಬಯೋಟಿಕ್ಕಿನ ದ್ರಾವಣದಲ್ಲಿ ನೆನೆಸಿ ಬಳಸುವ ರೂಢಿಯಿದೆ. ಮೃತ ದಾನಿಯಿಂದ ಪಡೆದು ಶೈತ್ಯದಲ್ಲಿ ಕಾಪಿಟ್ಟ ಮಹಾಪಧಮನಿಯನ್ನು, ಅಂದರೆ ಹೋಮೋಗ್ರಾಫ್ಟನ್ನು, ಹಲವರು ಮೇಲೆನ್ನುತ್ತಾರೆ, ಬೇಕಾದಾಗ ದೊರೆಯುವುದು ಕಷ್ಟ. ದನದ ಹೃದಯಾವರಣದ ಪೊರೆಯನ್ನು ಕೊಳವೆಯಾಗಿ ಹೊಲಿದು ಬಳಸುವುದೂ ಇದೆ. ಹೊಟ್ಟೆಯೊಳಗಿನ ಕೊಬ್ಬಿನ ಪದರವಾದ ಓಮೆಂಟಮ್ಮನ್ನು, ಅದರ ರಕ್ತನಾಳಗಳ ಸಮೇತ, ಎದೆಗೆ ಏರಿಸಿ ಹೊಸ ನಾಳಕ್ಕೆ ಸುತ್ತುವುದೂ ಉಂಟು. ಸೋಂಕಿನೊಡನೆ ಹೋರಾಡುವ ರಕ್ತ ಅಲ್ಲಿಗೆ ಹರಿಯಲೆಂದು.

ಬಳಿಕ ಸಾಮಾನ್ಯವಾಗಿ 6 ವಾರ ಅಥವಾ ಅದಕ್ಕೂ ಹೆಚ್ಚು ಕಾಲ ಆ್ಯಂಟಿಬಯೋಟಿಕ್ ರಕ್ತನಾಳದ ಮೂಲಕವೇ ಹೋಗುತ್ತದೆ, ಕೆಲವರಿಗೆ ಮುಂದೆ ಮಾತ್ರೆಯ ರೂಪದಲ್ಲಿ ತಿಂಗಳುಗಟ್ಟಲೆ.