ಮಧ್ಯಂತರ ಹಣ ಸಿಗುವುದು ತಜ್ಞರ ವರದಿಯ ಬಲದ ಮೇಲೆ

ಹೆರಿಗೆಯ ವೇಳೆ ಮೆದುಳಿಗೆ ಪೆಟ್ಟಾದ ಮಗುವಿನ ದಾವೆ ಇಂಗ್ಲೆಂಡಿನ ಕೋರ್ಟುಗಳಲ್ಲಿ ಮುಗಿಯಲು ವರ್ಷಗಳು ಹಿಡಿಯುತ್ತವೆ. ಮಗು ಒಂದಿಷ್ಟು ಬೆಳೆಯದೆ ಅದಕ್ಕೆ ಮುಂದೆ ಏನೇನು ಬೇಕಾದೀತು ಎಂದು ಹೇಳುವುದೇ ಕಷ್ಟ. ಗಾಲಿಕುರ್ಚಿ, ಆರೈಕೆ, ಮೆಟ್ಟಿಲಿಲ್ಲದ ಮನೆ ಮಾತ್ರ ಈಗಲೇ ಬೇಕು. ಅಲ್ಲಿನ ಸಿವಿಲ್ ದಾವೆಗಳ ನಿಯಮಾವಳಿಯಾದ ಸಿವಿಲ್ ಪ್ರೊಸೀಜರ್ ರೂಲ್ಸ್‌ನ 25ನೇ ಭಾಗದಲ್ಲಿ ಮಧ್ಯಂತರ ಪಾವತಿಗೆ, ಅಂದರೆ ದಾವೆ ಮುಗಿಯುವ ಮುಂಚೆಯೇ ಪರಿಹಾರದ ಒಂದು ಪಾಲು ಪಡೆಯುವುದಕ್ಕೆ, ಅವಕಾಶ ಇರುವುದು ಇದಕ್ಕೇ.

ಆದರೆ ಕಷ್ಟ ತೋಡಿಕೊಂಡ ಮಾತ್ರಕ್ಕೆ ಹಣ ಬರುವುದಿಲ್ಲ. ಪ್ರತಿವಾದಿ ಹೊಣೆ ಒಪ್ಪಿರಬೇಕು, ಇಲ್ಲವೆ ಹೊಣೆಯ ಬಗ್ಗೆ ತೀರ್ಪಾಗಿರಬೇಕು. ಎರಡೂ ಇಲ್ಲದಿದ್ದರೆ, ವಿಚಾರಣೆ ನಡೆದರೆ ವಾದಿಗೆ ಗಣನೀಯ ಮೊತ್ತ ಸಿಕ್ಕೇ ಸಿಗುತ್ತದೆ ಎಂದು ನ್ಯಾಯಾಧೀಶರಿಗೆ ಮನವರಿಕೆಯಾಗಬೇಕು. ಈ ಮೂರನೆಯ ದಾರಿಯಲ್ಲಿ ಹೊರಟ ಅರ್ಜಿಗಳೇ ಹೆಚ್ಚು ಬೀಳುವುದು. ಎರಡೂ ಕಡೆಯ ತಜ್ಞರು ಗಂಭೀರವಾಗಿ ಭಿನ್ನಾಭಿಪ್ರಾಯ ಹೊಂದಿರುವಾಗ ‘ಗೆದ್ದೇ ಗೆಲ್ಲುತ್ತಾರೆ’ ಎಂದು ಯಾವ ನ್ಯಾಯಾಧೀಶರೂ ಹೇಳಲಾರರು.

ತಪ್ಪು ನಡೆದಿದೆಯೇ ಎಂಬುದಕ್ಕೆ 1957ರ ಬೋಲಮ್ ಮತ್ತು 1997ರ ಬೊಲಿಥೋ ತೀರ್ಪುಗಳೇ ಅಳತೆಗೋಲು: ಜವಾಬ್ದಾರಿಯುತ ವೈದ್ಯರ ಒಂದು ವರ್ಗ ಆ ಕ್ರಮವನ್ನು ಒಪ್ಪುತ್ತದೆಯೇ, ಒಪ್ಪಿದರೆ ಅದು ತರ್ಕಕ್ಕೆ ನಿಲ್ಲುತ್ತದೆಯೇ. ಇದನ್ನು ಪ್ರಸೂತಿ ತಜ್ಞರು ಹೇಳಬಲ್ಲರು. ಆ ತಪ್ಪಿನಿಂದಲೇ ಹಾನಿಯಾಯಿತೇ ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಬೇರೆ ತಜ್ಞರು ಬೇಕು. ಒಂದು ಲೆಕ್ಕ ನೋಡಿ. ಮಗುವಿಗೆ ಆಮ್ಲಜನಕ ನಿಂತದ್ದು 2:00ಕ್ಕೆ, ಮಗು ಹೊರಬಂದದ್ದು 2:22ಕ್ಕೆ. ಮೊದಲ ಸುಮಾರು 10 ನಿಮಿಷ ಮೆದುಳು ತಾಳಿಕೊಳ್ಳುತ್ತದೆ ಎಂಬುದು ಇಂಥ ದಾವೆಗಳಲ್ಲಿ ಸಾಮಾನ್ಯವಾಗಿ ಹಿಡಿಯುವ ಎಣಿಕೆ. ಪ್ರಸೂತಿ ತಜ್ಞರು 8 ನಿಮಿಷ ತಡವಾಯಿತು ಎಂದರೆ ಮಗು 2:14ಕ್ಕೆ ಹುಟ್ಟಬೇಕಿತ್ತು. ಆಗಲೂ 4 ನಿಮಿಷದ ಹಾನಿ ಉಳಿಯುತ್ತಿತ್ತು. ಆ 4 ನಿಮಿಷ ಏನು ಮಾಡುತ್ತಿತ್ತು, ಮುಂದಿನ 8 ಏನು ಮಾಡಿತು ಎಂದು ಮಕ್ಕಳ ನರರೋಗ ತಜ್ಞರೂ ಎಂಆರ್‌ಐ ಓದುವ ರೇಡಿಯಾಲಜಿಸ್ಟರೂ ಬಿಡಿಸಿ ಹೇಳದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ.

ಇನ್ನು ಮೊತ್ತ. ಅಂತಿಮವಾಗಿ ಸಿಗಬಹುದಾದ ಹಣದ ‘ಯುಕ್ತ ಪಾಲಿ’ಗಿಂತ ಹೆಚ್ಚು ಕೊಡುವಂತಿಲ್ಲ. 2009ರ ಈಲ್ಸ್ ತೀರ್ಪಿನ ಪ್ರಕಾರ ಲೆಕ್ಕಕ್ಕೆ ಬರುವುದು ನೋವು-ಸಂಕಟದ ಪರಿಹಾರ, ಈವರೆಗಿನ ನಷ್ಟ, ಬಡ್ಡಿ ಮತ್ತು ಸಾಮಾನ್ಯವಾಗಿ ಮನೆಯ ಬಾಬ್ತು. ಮುಂದಿನ ಆರೈಕೆಯ ವೆಚ್ಚವನ್ನು ವರ್ಷವರ್ಷದ ಕಂತಾಗಿ ಕೊಡುವ ಆಯ್ಕೆ ವಿಚಾರಣೆಯ ನ್ಯಾಯಾಧೀಶರಿಗೆ ಉಳಿಯಲೆಂದು ಅದನ್ನು ಹೊರಗಿಡುತ್ತಾರೆ. ಊಹೆಗೆ, ಈ ಬಾಬ್ತುಗಳ ಒಟ್ಟು 13 ಲಕ್ಷ ಪೌಂಡ್ ಎನ್ನಿ. ಯುಕ್ತ ಪಾಲೆಂದು ಅದರ ಶೇ 90 ಹಿಡಿದರೆ 11.7 ಲಕ್ಷ. ಈಗಾಗಲೇ ಪಡೆದದ್ದು 3 ಲಕ್ಷವಿದ್ದರೆ ಉಳಿಯುವುದು 8.7 ಲಕ್ಷ. ಇನ್ನೂ ಬೇಕೆಂದರೆ, ವಿಚಾರಣೆಗೆ ಮುಂಚೆಯೇ ಅಷ್ಟು ಹಣ ಯಾಕೆ ಬೇಕು ಎಂದು ಪುರಾವೆ ಸಹಿತ ತೋರಿಸಬೇಕು. ಈ ಮನೆ, ಈ ಬೆಲೆ, ಈ ಬದಲಾವಣೆ ಎಂದು ವಸತಿ ತಜ್ಞರು ಬರೆದುಕೊಟ್ಟರೆ ಅದು ಪುರಾವೆ. ‘ದೊಡ್ಡ ಮನೆ ಒಳ್ಳೆಯದು’ ಎಂಬ ಸಾಲಿಗೆ ಯಾರೂ ಕಾಸು ಬಿಚ್ಚುವುದಿಲ್ಲ.

ಫೀಸು ಯಾರೇ ಕೊಡಲಿ, ಅದೇ ನಿಯಮಾವಳಿಯ 35ನೇ ಭಾಗದ ಪ್ರಕಾರ ತಜ್ಞರ ನಿಷ್ಠೆ ಕೋರ್ಟಿಗೆ. ವರದಿ ತಲುಪಿದ 28 ದಿನದೊಳಗೆ ಎದುರು ಪಕ್ಷ ಲಿಖಿತ ಪ್ರಶ್ನೆ ಕೇಳಬಹುದು. ತಜ್ಞರ ಜಂಟಿ ಸಭೆಯಲ್ಲಿ ನಿಮ್ಮ ತಜ್ಞರೇ ಅರ್ಧ ವಾದ ಬಿಟ್ಟುಕೊಡುವುದೂ ಉಂಟು. ಆದ್ದರಿಂದ ವರದಿಯ ದುರ್ಬಲ ಸಾಲುಗಳನ್ನು ವಕೀಲರ ಜೊತೆ ಮೊದಲೇ ಕೂತು ಅಗೆಯುವುದು ಲೇಸು.

ಇನ್ನೊಂದು ಕಣ್ತಪ್ಪು ಆಗಾಗ ಆಗುತ್ತದೆ. ಹೊಣೆ ಮತ್ತು ಮೊತ್ತ ಎರಡೂ ತೀರ್ಮಾನವಾಗುವವರೆಗೆ, ಪ್ರತಿವಾದಿ ಒಪ್ಪದ ಹೊರತು, ಮಧ್ಯಂತರ ಪಾವತಿಯ ಸುದ್ದಿ ವಿಚಾರಣೆಯ ನ್ಯಾಯಾಧೀಶರ ಕಿವಿಗೆ ಬೀಳಬಾರದು. ಆರೈಕೆ ತಜ್ಞರ ವರದಿಯ ನಾಲ್ಕನೆಯ ಪುಟದಲ್ಲಿ ‘ಮಧ್ಯಂತರ ಹಣದಲ್ಲಿ ಕೊಂಡ ವಾಹನ’ ಎಂದು ಇದ್ದರೆ, ಕಡತ ಕಟ್ಟುವ ಮುಂಚೆಯೇ ಆ ಸಾಲಿನ ಮೇಲೆ ಕಪ್ಪು ಬಳಿಯಿರಿ.