ಪಹಣಿ ತಿದ್ದಿಸಲು ಪ್ರಧಾನಿಗೆ ಅರ್ಜಿ ಯಾಕೆ?

ಜಮೀನಿನ ತಕರಾರು ಹಿಡಿದು ನನ್ನ ಬಳಿ ಬರುವವರ ಫೈಲಿನಲ್ಲಿ ಪ್ರಧಾನಿಗೋ ರಾಷ್ಟ್ರಪತಿಗೋ ಬರೆದ ಅರ್ಜಿಯ ಜೆರಾಕ್ಸ್ ಪ್ರತಿ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಹಿಂದೆಯೇ ಅಂಚೆ ರಸೀದಿ ಪಿನ್ ಮಾಡಿರುತ್ತಾರೆ. ವಿಷಯ ಮಾತ್ರ ಖಾತೆ ಬದಲಾವಣೆ, ಇಲ್ಲವೇ ಪಹಣಿಯಲ್ಲಿ ತಪ್ಪಿದ ಹೆಸರು. ‘ತಹಶೀಲ್ದಾರ್ ಕೇಳಲಿಲ್ಲ ಸರ್, ಅದಕ್ಕೆ ಎಲ್ಲರಿಗಿಂತ ದೊಡ್ಡವರಿಗೇ ಬರೆದೆ’ ಅನ್ನುತ್ತಾರೆ. ಓದಿದವರೂ ಇದನ್ನೇ ಮಾಡುತ್ತಾರೆ. ಮೇಷ್ಟ್ರುಗಳು, ನಿವೃತ್ತ ಬ್ಯಾಂಕ್ ಮ್ಯಾನೇಜರುಗಳು ಕೂಡ.

ಗ್ರಾಮ ಆಡಳಿತಾಧಿಕಾರಿ, ತಹಶೀಲ್ದಾರ್, ಎಸಿ (ಉಪವಿಭಾಗಾಧಿಕಾರಿ), ಡಿಸಿ (ಜಿಲ್ಲಾಧಿಕಾರಿ), ಕಂದಾಯ ಮಂತ್ರಿ, ಮುಖ್ಯಮಂತ್ರಿ, ಅವರ ಮೇಲೆ ಪ್ರಧಾನಿ. ಹೀಗೊಂದು ಸಾಲು ಎಲ್ಲರ ಮನಸ್ಸಿನಲ್ಲಿದೆ. ಆದರೆ ಆ ಸಾಲು ಮುಖ್ಯಮಂತ್ರಿಯ ಹತ್ತಿರ ಮುಗಿಯುತ್ತದೆ. ಪ್ರಧಾನಿ ಮುಖ್ಯಮಂತ್ರಿಯ ಮೇಲಧಿಕಾರಿ ಅಲ್ಲ. ಇದೊಂದನ್ನು ಎಷ್ಟು ಸಲ ಬೇಕಾದರೂ ಹೇಳಲು ನಾನು ತಯಾರಿದ್ದೇನೆ, ಯಾಕೆಂದರೆ ಇದು ಗೊತ್ತಿಲ್ಲದೆ ಜನ ಗೆಲ್ಲಬಹುದಾದ ಕೇಸನ್ನು ಕಳೆದುಕೊಳ್ಳುತ್ತಿದ್ದಾರೆ.

ಅಣ್ಣತಮ್ಮಂದಿರು ಪಾಲಾಗಿ ಪಾಲುಪಟ್ಟಿ ರಿಜಿಸ್ಟರ್ ಆಯಿತು ಅಂದುಕೊಳ್ಳಿ. ಆಮೇಲೆ ತಮ್ಮನ ಸರ್ವೆ ನಂಬರಿಗೆ ಅಣ್ಣ ಕ್ರಯಪತ್ರ ಬರೆದುಕೊಟ್ಟರೆ ನಡೆಯುತ್ತದೆಯೇ? ಹಿರಿಯ ಅನ್ನುವುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಸಂವಿಧಾನದ 7ನೇ ಅನುಸೂಚಿ ಅಂಥದೇ ಪಾಲುಪಟ್ಟಿ. ರಕ್ಷಣೆ, ರೈಲು, ನೋಟು, ಪಾಸ್‌ಪೋರ್ಟ್ ಕೇಂದ್ರದ ಪಟ್ಟಿಯಲ್ಲಿವೆ. ಪೊಲೀಸ್, ಕೃಷಿ, ಭೂಮಿ ರಾಜ್ಯದ ಪಟ್ಟಿಯಲ್ಲಿವೆ. ಭೂಮಿ ಅಲ್ಲಿ 18ನೇ ನಮೂದು. ಮೂರನೆಯದು ಸಮವರ್ತಿ ಪಟ್ಟಿ. ಅಲ್ಲಿ ಇಬ್ಬರೂ ಕಾನೂನು ಮಾಡಬಹುದು. ಎರಡೂ ಒಂದಕ್ಕೊಂದು ಅಡ್ಡ ಬಂದರೆ ಸಾಮಾನ್ಯವಾಗಿ ಕೇಂದ್ರದ್ದು ನಿಲ್ಲುತ್ತದೆ. ಶಿಕ್ಷಣ, ಅರಣ್ಯ ಈ ಪಟ್ಟಿಗೆ ಬಂದದ್ದು 1976ರ 42ನೇ ತಿದ್ದುಪಡಿಯಿಂದ.

ಹಾಗಾದರೆ ಮುಖ್ಯಮಂತ್ರಿ ಯಾರಿಗೆ ಉತ್ತರ ಕೊಡಬೇಕು? ವಿಧಾನಸಭೆಗೆ. 164ನೇ ವಿಧಿ ಅದನ್ನು ಬಿಡಿಸಿ ಹೇಳುತ್ತದೆ. ನಮ್ಮ 224 ಶಾಸಕರಲ್ಲಿ ಬಹುಮತ ಇರುವವರೆಗೆ ಸರ್ಕಾರ ಇರುತ್ತದೆ. ಪ್ರಧಾನಿಗೆ ಲೋಕಸಭೆ ಇದ್ದ ಹಾಗೆ, 75ನೇ ವಿಧಿ. 1999ರ ಏಪ್ರಿಲ್ 17ರಂದು ವಾಜಪೇಯಿಯವರು ಒಂದೇ ಮತದಿಂದ ಸೋತದ್ದು ಲೋಕಸಭೆಯಲ್ಲಿ. 2019ರ ಜುಲೈ 23ರಂದು ಕುಮಾರಸ್ವಾಮಿಯವರು 99ಕ್ಕೆ 105ರಿಂದ ಸೋತದ್ದು ವಿಧಾನಸೌಧದಲ್ಲಿ.

‘356ನೇ ವಿಧಿ ಇದೆಯಲ್ಲ, ಕೇಂದ್ರ ರಾಜ್ಯ ಸರ್ಕಾರವನ್ನೇ ವಜಾ ಮಾಡಬಹುದಲ್ಲ?’ ಎಂದು ಕೇಳುವವರಿದ್ದಾರೆ. ಇದೆ. ಆದರೆ ಅದಕ್ಕೆ ಲಗಾಮು ಹಾಕಿಸಿದ್ದೇ ನಮ್ಮ ರಾಜ್ಯದ ಪ್ರಕರಣ ಅನ್ನುವುದು ನನಗೆ ಹೆಮ್ಮೆ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ಸದನದಲ್ಲಿ ಬಲ ತೋರಿಸಲು ಬಿಡದೆ ವಜಾ ಮಾಡಿದರು. ಅವರು ಸುಮ್ಮನೆ ಕೂರಲಿಲ್ಲ. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಬಹುಮತ ಇದೆಯೋ ಇಲ್ಲವೋ ಅನ್ನುವುದು ಸದನದಲ್ಲೇ ತೀರ್ಮಾನ ಆಗಬೇಕು. ರಾಜ್ಯಗಳು ಕೇಂದ್ರದ ಬಾಲಂಗೋಚಿಗಳಲ್ಲ, ತಮಗೆ ಹಂಚಿದ ವ್ಯಾಪ್ತಿಯಲ್ಲಿ ಅವುಗಳ ಮಾತೇ ನಡೆಯುತ್ತದೆ.

ಇನ್ನು ಕೆಲವರು ಡಿಸಿ ಐಎಎಸ್ ಅಲ್ವಾ, ದೆಹಲಿ ಹೇಳಿದರೆ ಕೇಳಲೇಬೇಕು ಅನ್ನುತ್ತಾರೆ. ನೇಮಕ ಕೇಂದ್ರದ್ದು, ನಿಜ. ಜಿಲ್ಲೆಯಲ್ಲಿ ಕೂತಿರುವಾಗ ಕೆಲಸ ರಾಜ್ಯದ್ದು.

ಈಗ ಅರ್ಜಿಯ ವಿಷಯಕ್ಕೆ ಬರುತ್ತೇನೆ. ಹಿರಿಯರೊಬ್ಬರು ಬಂದಿದ್ದರು. ಅವರ ಜಮೀನಿನ ಮ್ಯುಟೇಶನ್ ದಾಯಾದಿಯ ಹೆಸರಿಗೆ ಆಗಿಹೋಗಿತ್ತು. ಪ್ಲಾಸ್ಟಿಕ್ ಕವರಿನಿಂದ ಒಂದು ಪತ್ರ ತೆಗೆದು ‘ನೋಡಿ ಸರ್, ದೆಹಲಿಯಿಂದ ಆರ್ಡರ್ ಬಂದಿದೆ’ ಅಂದರು. ಅದರಲ್ಲಿದ್ದದ್ದು ಎರಡೇ ಸಾಲು: ನಿಮ್ಮ ಅರ್ಜಿಯನ್ನು ಮುಂದಿನ ಕ್ರಮಕ್ಕಾಗಿ ರಾಜ್ಯ ಸರ್ಕಾರಕ್ಕೆ ಕಳುಹಿಸಲಾಗಿದೆ. ಅಲ್ಲಿಂದ ಅದು ಬೆಂಗಳೂರಿಗೆ ಬಂದು, ಡಿಸಿ ಕಚೇರಿಗೆ ಹೋಗಿ, ಕೊನೆಗೆ ಅದೇ ತಹಶೀಲ್ದಾರರ ಟೇಬಲ್ಲಿಗೆ ಬಂದಿತ್ತು. ತಹಶೀಲ್ದಾರ್ ಹಿಂಬರಹ ಕೊಟ್ಟಿದ್ದರು: ‘ಸಕ್ಷಮ ಪ್ರಾಧಿಕಾರದಲ್ಲಿ ಮೇಲ್ಮನವಿ ಸಲ್ಲಿಸಿಕೊಳ್ಳಬಹುದು.’ ಆ ಹಿಂಬರಹದಲ್ಲಿ ತಪ್ಪೇನೂ ಇಲ್ಲ. ಅಷ್ಟರಲ್ಲಿ ಎಂಟು ತಿಂಗಳು ಕಳೆದಿತ್ತು.

ಕರ್ನಾಟಕ ಭೂಕಂದಾಯ ಕಾಯ್ದೆಯ 136(2)ನೇ ಸೆಕ್ಷನ್‌ನಲ್ಲಿ ಎಸಿಯವರಿಗೆ ಮೇಲ್ಮನವಿ ಹಾಕಲು ಇರುವುದು 60 ದಿನ. ಆಮೇಲೆ ಡಿಸಿ ಹತ್ತಿರ ರಿವಿಷನ್, ಅಂದರೆ ಆದೇಶದ ಮರುಪರಿಶೀಲನೆ. ಜಮೀನು ಯಾರದ್ದು ಅನ್ನುವುದೇ ಪ್ರಶ್ನೆಯಾದರೆ ಸಿವಿಲ್ ಕೋರ್ಟ್. ಇಂಥ ವ್ಯಾಜ್ಯದಲ್ಲಿ ಅಧಿಕಾರಿ ನ್ಯಾಯಾಧೀಶರ ಹಾಗೆ ಎರಡೂ ಕಡೆ ಕೇಳಿ ತೀರ್ಮಾನಿಸಬೇಕು. ಇವರ ಪರ ಆದೇಶ ಮಾಡಿ ಎಂದು ಮುಖ್ಯಮಂತ್ರಿಯೂ ಹೇಳುವ ಹಾಗಿಲ್ಲ. ಪ್ರಧಾನಿಗೆ ಬರೆದ ಪತ್ರದಿಂದ ಆ 60 ದಿನ ಒಂದು ದಿನವೂ ಜಾಸ್ತಿ ಆಗುವುದಿಲ್ಲ.

ಆ ಹಿರಿಯರಿಗೆ ವಿಳಂಬ ಮನ್ನಾ ಅರ್ಜಿ ಹಾಕಿದೆವು. ಸುಮ್ಮನೆ ಕೂತಿರಲಿಲ್ಲ ಎಂದು ತೋರಿಸಲು ದೆಹಲಿಯ ಪತ್ರಗಳನ್ನೇ ಲಗತ್ತಿಸಿದೆವು. ಎಸಿಯವರು ಒಪ್ಪಿದರು. ಎಲ್ಲರಿಗೂ ಹೀಗೇ ಆಗುತ್ತದೆ ಎಂದು ನಾನು ಹೇಳಲಾರೆ. ತಡಕ್ಕೆ ಕಾರಣ ಸಾಕೋ ಸಾಲದೋ ಅನ್ನುವುದು ಆಯಾ ಪ್ರಕರಣದ ಮೇಲೆ, ಕೇಳುವವರ ವಿವೇಚನೆಯ ಮೇಲೆ ಹೋಗುತ್ತದೆ. ಪತ್ರ ಬರೆಯಲೇಬೇಡಿ ಅಂತಲೂ ನಾನು ಹೇಳುತ್ತಿಲ್ಲ. ಮೊದಲು ಮೇಲ್ಮನವಿ ಹಾಕಿ, ಆಮೇಲೆ ಯಾರಿಗೆ ಬೇಕಾದರೂ ಬರೆಯಿರಿ.

ಒಂದು ಕಡೆ ಮಾತ್ರ ಎಚ್ಚರ ಬೇಕು. ನಿಮ್ಮ ಜಮೀನು ರಾಷ್ಟ್ರೀಯ ಹೆದ್ದಾರಿಗೆ ಹೋಗಿದ್ದರೆ ಅದು ಕೇಂದ್ರದ 1956ರ ಹೆದ್ದಾರಿ ಕಾಯ್ದೆ. ಪರಿಹಾರ ಕಡಿಮೆ ಅನ್ನಿಸಿದರೆ ಹೋಗಬೇಕಾದದ್ದು ಕೇಂದ್ರ ಸರ್ಕಾರ ನೇಮಿಸಿದ ಮಧ್ಯಸ್ಥಗಾರರ ಬಳಿಗೆ. ಎಷ್ಟೋ ಸಲ ಆ ಮಧ್ಯಸ್ಥಗಾರರು ನಿಮ್ಮ ಡಿಸಿಯೇ ಆಗಿರುತ್ತಾರೆ. ಅದೇ ಕಚೇರಿ, ಅದೇ ಕುರ್ಚಿ, ಆದರೆ ಕಾನೂನು ಬೇರೆ, ದಾರಿ ಬೇರೆ. ಕುರ್ಚಿ ನೋಡಿ ತೀರ್ಮಾನಿಸಬೇಡಿ. ಕೈಯಲ್ಲಿರುವ ಆದೇಶದಲ್ಲಿ ಯಾವ ಕಾಯ್ದೆ, ಎಷ್ಟನೇ ಸೆಕ್ಷನ್ ಎಂದು ಬರೆದಿರುತ್ತದೆ. ಅದನ್ನು ಓದಿ, ಪ್ರತಿ ಕೈಗೆ ಬಂದ ತಾರೀಖನ್ನು ಅಂಚಿನಲ್ಲಿ ಬರೆದಿಟ್ಟುಕೊಂಡು, ಆ ವಾರವೇ ವಕೀಲರ ಬಳಿ ಹೋಗಿ.